ಔಷಧವೂ ಅಳತೆಯೂ

ನಮ್ಮ ಅಜ್ಜಂದಿರ ಕಾಲದ ಮನೆಗಳಲ್ಲಿ ಇಂಗ್ಲಿಷ್ ಔಷಧವೆಂದರೆ ಬಹುಮಟ್ಟಿಗೆ ಒಂದೇ, ಅದು ಕ್ವಿನೈನು. ಮಲೆನಾಡಿನ ಕಡೆ ಚಳಿಜ್ವರ ಕಾಣಿಸಿಕೊಂಡಾಗ ಆ ಬಿಳಿಯ ಪುಡಿಯನ್ನು ಬಾಳೆಯ ಹಣ್ಣಿನೊಳಗೆ ಅಡಗಿಸಿ ಮಕ್ಕಳಿಗೆ ನುಂಗಿಸುತ್ತಿದ್ದರು. ಎಷ್ಟು ಅಡಗಿಸಿದರೂ ಅದರ ಕಹಿ ಅಡಗುತ್ತಿರಲಿಲ್ಲ. ನುಂಗಿದವನ ಕಿವಿ ಗುಂಯ್ ಎನ್ನತೊಡಗಿದರೆ, "ಸರಿ, ಮದ್ದು ಹತ್ತಿತು" ಎಂದು ಹಿರಿಯರು ಸಮಾಧಾನಪಡುತ್ತಿದ್ದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಮದ್ದು ಹತ್ತಿದ್ದುದು ದಿಟವೇ. ಆದರೆ ಆ ಗುಂಯ್‌ಗುಟ್ಟುವಿಕೆ ಔಷಧವು ತನ್ನ ಮೇರೆಯನ್ನು ಮುಟ್ಟುತ್ತಿದೆಯೆಂಬ ಎಚ್ಚರಿಕೆಯೂ ಹೌದು. ಅಲ್ಲಿಂದ ಮುಂದೆ ಹೋದರೆ ಕಿವಿಯೂ ಕಣ್ಣೂ ಕೆಡಬಹುದು, ಹೃದಯವೂ ಎಡವಬಹುದು.

ಈ ಕ್ವಿನೈನಿನ ಪೂರ್ವಕಥೆಯನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. ಸಿಂಕೋನಾ ಮರದ ತೊಗಟೆಯು ದಕ್ಷಿಣ ಅಮೆರಿಕದಿಂದ ಯೂರೋಪಿಗೆ ಬಂದುದು ಹದಿನೇಳನೆಯ ಶತಮಾನದಲ್ಲಿ. ಅದನ್ನು ಕುಟ್ಟಿ ಪುಡಿಮಾಡಿ ದ್ರಾಕ್ಷಾರಸದಲ್ಲಿ ಕಲಸಿ ಕೊಡುತ್ತಿದ್ದರು. ಒಂದು ಮರದ ತೊಗಟೆ ತೀಕ್ಷ್ಣ, ಇನ್ನೊಂದರದು ಸಪ್ಪೆ; ವರ್ತಕರ ಬೆರಕೆಯಂತೂ ಬೇರೆಯೇ. ಆದುದರಿಂದ ಒಬ್ಬನಿಗೆ ಜ್ವರ ಬಿಟ್ಟಿತು, ಇನ್ನೊಬ್ಬನಿಗೆ ಬಿಡಲಿಲ್ಲ. ಕಾರಣವನ್ನು ಯಾರೂ ಅರಿಯರು. 1820ರಲ್ಲಿ ಪ್ಯಾರಿಸ್ ನಗರದ ಪೆಲ್ತಿಯೇ ಮತ್ತು ಕಾವಂತೂ ಎಂಬ ಇಬ್ಬರು ಔಷಧತಜ್ಞರು ಆ ತೊಗಟೆಯಿಂದ ಅದರ ಸತ್ತ್ವವನ್ನು ಬೇರ್ಪಡಿಸಿ ಕ್ವಿನೈನು ಎಂದು ಹೆಸರಿಟ್ಟರು. ನಲವತ್ತು ವರ್ಷಗಳಾದ ಮೇಲೆ, 1860ರ ಸುಮಾರಿನಲ್ಲಿ, ಮಾರ್ಕಮ್ ಎಂಬ ಆಂಗ್ಲೇಯನ ಪ್ರಯತ್ನದಿಂದ ಸಿಂಕೋನಾ ಸಸಿಗಳು ನಮ್ಮ ಮೈಸೂರು ಸೀಮೆಗೆ ಅಂಟಿಕೊಂಡಿರುವ ನೀಲಗಿರಿಗೇ ಬಂದು ಬೇರೂರಿದುವು.

ತೊಗಟೆಯ ಪುಡಿಯನ್ನು ಹಿಡಿಯಿಂದಲೋ ಚಮಚೆಯಿಂದಲೋ ಅಳೆದರೆ ಸಾಕಾಗಿತ್ತು. ಅಲ್ಲಿ ತಪ್ಪಿದರೂ ಮರವೇ ಅರ್ಧ ತಪ್ಪನ್ನು ಹೊತ್ತುಕೊಳ್ಳುತ್ತಿತ್ತು. ಸತ್ತ್ವವನ್ನು ಹರಳುಗಟ್ಟಿಸಿದ ಬಳಿಕ ತಕ್ಕಡಿ ಬೇಕಾಯಿತು. ತಕ್ಕಡಿ ಬಂದ ಮೇಲೆ ತಪ್ಪು ಸಂಪೂರ್ಣವಾಗಿ ತೂಗುವವನದೇ ಆಯಿತು. ಕಳೆದ ಇನ್ನೂರು ವರ್ಷಗಳ ಔಷಧಚರಿತ್ರೆಯನ್ನು ಹೊಸ ಹೊಸ ಮದ್ದುಗಳ ಆವಿಷ್ಕಾರದ ಕಥೆಯೆಂದು ಹೇಳುವುದು ವಾಡಿಕೆ. ನನಗೆ ಅದು ಅಳತೆಯನ್ನು ಕಲಿತ ಕಥೆಯಾಗಿಯೇ ಕಾಣುತ್ತದೆ. ಆ ಅಳತೆಯು ಕಟ್ಟಕಡೆಗೆ ಬಂದು ನಿಲ್ಲುವ ಸ್ಥಳವು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ದಾದಿಯ ಕೈ.

ವೈದ್ಯಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ನಾನು ಚರಿತ್ರೆಯನ್ನು ಓದುವವನು. ಈ ವಿಷಯವನ್ನು ನನ್ನ ತಲೆಗೆ ಹಚ್ಚಿದವಳು ನಮ್ಮ ಅಣ್ಣನ ಮಗಳು. ಆಕೆ ದಾದಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಂದು ಆಸ್ಪತ್ರೆಗೆ ಸೇರಿ ಇನ್ನೂ ಎರಡು ವಾರವಾಗಿತ್ತು. ಒಂದು ಬೆಳಗ್ಗೆ ರಾತ್ರಿಪಾಳಿಯನ್ನು ಮುಗಿಸಿಕೊಂಡು ನೇರವಾಗಿ ನಮ್ಮ ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ, "ಚಿಕ್ಕಪ್ಪ, ಡಾಕ್ಟರು ಬರೆದಿದ್ದ ಮಾತ್ರೆಯನ್ನು ನಾನು ಕೊಡಲಿಲ್ಲ" ಎಂದಳು. ರೋಗಿ ಎಪ್ಪತ್ತು ದಾಟಿದ ಮುದುಕರು, ಹೃದಯದ ಬೇನೆ, ಮಾತ್ರೆಯ ಹೆಸರು ಡಿಗಾಕ್ಸಿನ್. ಕೊಡುವ ಮುನ್ನ ಪಾಠದಲ್ಲಿ ಹೇಳಿಕೊಟ್ಟಂತೆ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟು, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಿದಳು. ಐವತ್ತೆರಡು ಬಂತು. ಮತ್ತೊಮ್ಮೆ ಎಣಿಸಿದಳು, ಆಗಲೂ ಐವತ್ತೆರಡೇ. ದೊಡ್ಡವರಲ್ಲಿ ಅರವತ್ತಕ್ಕಿಂತ ಕೆಳಗೆ ಇಳಿದರೆ ಮಾತ್ರೆಯನ್ನು ತಡೆದು ವೈದ್ಯರಿಗೆ ತಿಳಿಸಬೇಕೆಂಬುದು ನಿಯಮ. ತಡೆದಳು. ಹಿರಿಯ ದಾದಿಯೊಬ್ಬರು, "ಎರಡು ವಾರದವಳಿಗೆ ಡಾಕ್ಟರ ಬರಹವನ್ನು ತಿದ್ದುವಷ್ಟು ಧೈರ್ಯವೇ?" ಎಂದು ಗದರಿಸಿದರಂತೆ. ಹುಡುಗಿಯ ಕಣ್ಣಿನಲ್ಲಿ ನೀರಿತ್ತು. ನನಗೆ ತಿಳಿದ ಸಮಾಧಾನವೆಂದರೆ ಹಳೆಯ ಕಥೆಯೊಂದೇ. ಅದನ್ನೇ ಹೇಳಿದೆನು.

1775ರ ಸುಮಾರಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನಿದ್ದನು. ಮೈಯಲ್ಲಿ ನೀರು ತುಂಬಿ ಕಾಲು ಊದಿ ಉಸಿರು ಕಟ್ಟುವ ಬೇನೆಗೆ ಶ್ರಾಪ್‌ಷೈರಿನ ಒಬ್ಬ ಮುದುಕಿ ಮನೆಮದ್ದು ಕೊಡುತ್ತಿದ್ದಾಳೆಂದೂ, ದೊಡ್ಡ ವೈದ್ಯರು ಕೈಬಿಟ್ಟವರು ಕೂಡ ಅದರಿಂದ ಗುಣವಾಗಿದ್ದಾರೆಂದೂ, ಅದರ ವಿಷಯದಲ್ಲಿ ಅಭಿಪ್ರಾಯ ಹೇಳಬೇಕೆಂದೂ ಆತನನ್ನು ಯಾರೋ ಕೇಳಿದರು. ಆ ಮದ್ದಿನಲ್ಲಿ ಇಪ್ಪತ್ತು ಬಗೆಯ ಸೊಪ್ಪುಗಳಿದ್ದುವು. ಸಸ್ಯಶಾಸ್ತ್ರದಲ್ಲಿ ಪಳಗಿದ್ದ ವಿದರಿಂಗನಿಗೆ ಅವುಗಳಲ್ಲಿ ಕೆಲಸ ಮಾಡುವುದು ಒಂದೇ ಎಂದು ಹೊಳೆಯಿತು. ಅದು ಫಾಕ್ಸ್‌ಗ್ಲವ್ ಎಂಬ, ಗಂಟೆಯಾಕಾರದ ನೇರಿಳೆ ಹೂಗಳ ಗಿಡ. ಶಾಸ್ತ್ರದಲ್ಲಿ ಅದರ ಹೆಸರು ಡಿಜಿಟಾಲಿಸ್. ಆ ಮುದುಕಿಗೆ ಹಟನ್ ಎಂಬ ಹೆಸರನ್ನು ಕೊಟ್ಟು, ಚಿತ್ರವನ್ನೂ ಬರೆದು, ಜನಪ್ರಿಯ ಪುಸ್ತಕಗಳು ಮೆರೆಸಿದ್ದುಂಟು. ವಿದರಿಂಗನ ಗ್ರಂಥದಲ್ಲಿ ಅಂತಹ ಹೆಸರೇ ಇಲ್ಲ. ಅದು ಇಪ್ಪತ್ತನೆಯ ಶತಮಾನದ ಕಟ್ಟುಕಥೆ.

ಗಿಡವನ್ನು ಗುರುತಿಸಿದ್ದು ಒಂದು ದಿನದ ಕೆಲಸವಾಗಿರಬಹುದು. ಅಳತೆಯನ್ನು ಕಂಡುಕೊಳ್ಳಲು ಆತನಿಗೆ ಹತ್ತು ವರ್ಷ ಹಿಡಿಯಿತು. ಮೊದಮೊದಲು ತಾನು ಕೊಟ್ಟ ಪ್ರಮಾಣಗಳು ಮಿತಿಮೀರಿದ್ದುವೆಂದು ಆತನೇ ಒಪ್ಪಿಕೊಂಡಿದ್ದಾನೆ. ಬೇರಿನ ಶಕ್ತಿಯು ಋತುವಿನೊಂದಿಗೆ ಬದಲಾಗುತ್ತಿತ್ತು, ಎಲೆಯದೂ ಹಾಗೆಯೇ. ಕಡೆಗೆ, ಹೂ ಬಿಡುವ ಕಾಲದಲ್ಲಿ ಕಿತ್ತ ಎಲೆಯನ್ನೇ ಒಣಗಿಸಿ ಪುಡಿಮಾಡಿ, ಒಂದರಿಂದ ಮೂರು ಗ್ರೇನಿನಂತೆ ದಿನಕ್ಕೆರಡು ಸಲ ಕೊಡುವುದೆಂದು ಗೊತ್ತುಮಾಡಿದನು. ಒಂದು ಗ್ರೇನೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು 65 ಮಿಲಿಗ್ರಾಂ. 1785ರಲ್ಲಿ ಹೊರಬಂದ ಆತನ ಪುಸ್ತಕದಲ್ಲಿ ನೂರೈವತ್ತಕ್ಕೂ ಮಿಕ್ಕ ರೋಗಿಗಳ ವೃತ್ತಾಂತವಿದೆ. ಗುಣವಾದವರನ್ನು ಮಾತ್ರ ಆರಿಸಿಕೊಂಡು ಬರೆದಿದ್ದರೆ ಆತನಿಗೆ ಇನ್ನೂ ಹೆಚ್ಚು ಕೀರ್ತಿ ಬರುತ್ತಿತ್ತೇನೋ. ಕೈತಪ್ಪಿಹೋದವರನ್ನೂ ಬಿಡದೆ ಬರೆದಿದ್ದಾನೆ. ಪ್ರಮಾಣ ಮೀರಿದಾಗ ಕಾಣುವ ಗುರುತುಗಳ ಪಟ್ಟಿಯನ್ನೂ ಕೊಟ್ಟಿದ್ದಾನೆ: ಓಕರಿಕೆ, ವಾಂತಿ, ಭೇದಿ, ತಲೆಸುತ್ತು, ಕಣ್ಣಿಗೆ ವಸ್ತುಗಳು ಹಳದಿಯಾಗಿಯೋ ಹಸುರಾಗಿಯೋ ತೋರುವುದು, ನಾಡಿ ಕುಗ್ಗಿ ಕುಗ್ಗಿ ನಿಮಿಷಕ್ಕೆ ಮೂವತ್ತೈದಕ್ಕೆ ಇಳಿಯುವುದು, ಆಮೇಲೆ ಮರಣ. ಮೂತ್ರ, ಹೊಟ್ಟೆ, ನಾಡಿ, ಕರುಳು, ಈ ನಾಲ್ಕರಲ್ಲಿ ಯಾವುದೊಂದರ ಮೇಲಾದರೂ ಔಷಧದ ಪರಿಣಾಮ ತೋರಿದ ಕೂಡಲೆ ಅದನ್ನು ನಿಲ್ಲಿಸತಕ್ಕದ್ದೆಂಬುದು ಆತನ ವಿಧಿ.

ಎಲೆಯ ಪುಡಿಯ ಶಕ್ತಿಯನ್ನು ನಿಷ್ಕರ್ಷಿಸಲು ಮುಂದೆ ಕಪ್ಪೆಗಳ ಮೇಲೂ ಬೆಕ್ಕುಗಳ ಮೇಲೂ ಪರೀಕ್ಷೆ ನಡೆಸುವ ಕ್ರಮ ಬಂದಿತು. 1930ರಲ್ಲಿ ಸಿಡ್ನಿ ಸ್ಮಿತ್ ಎಂಬ ರಸಾಯನತಜ್ಞನು ಅದೇ ಜಾತಿಯ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಎಂಬ ಶುದ್ಧ ಸತ್ತ್ವವನ್ನು ತೆಗೆದನು. ಇಂದಿನ ಸಾಮಾನ್ಯ ಮಾತ್ರೆಯಲ್ಲಿ ಅದು 0.25 ಮಿಲಿಗ್ರಾಂ, ಎಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲು. ಗುಣಮಾಡುವ ಪ್ರಮಾಣಕ್ಕೂ ಕೇಡುಮಾಡುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಮಾತ್ರ ಎಷ್ಟು ಶುದ್ಧಿ ಮಾಡಿದರೂ ಅಗಲವಾಗಲಿಲ್ಲ. ಮೇಲಾಗಿ, ಇಂತಹ ರೋಗಿಗೆ ಮೈಯ ನೀರನ್ನು ಹೊರಡಿಸುವ ಮಾತ್ರೆಯನ್ನೂ ಕೊಡುವುದುಂಟು. ಆ ನೀರಿನೊಂದಿಗೆ ಪೊಟಾಸಿಯಂ ಎಂಬ ಲವಣಾಂಶವೂ ಹರಿದುಹೋಗಿ, ನಿನ್ನೆ ತಕ್ಕುದಾಗಿದ್ದ ಡಿಗಾಕ್ಸಿನ್ ಇಂದು ಅತಿಯಾಗಬಹುದು. ಆದುದರಿಂದಲೇ ಪ್ರತಿಸಲವೂ ಎಣಿಸಬೇಕು. ನಮ್ಮ ಹುಡುಗಿಯ ಆ ಒಂದು ನಿಮಿಷವು ವಿದರಿಂಗನ ಹತ್ತು ವರ್ಷಗಳಿಂದ ಹುಟ್ಟಿದ್ದು ಎಂದು ಹೇಳಿ ಕಾಫಿ ಕುಡಿಸಿದೆನು. ಸಂಜೆಗೆ ಸುದ್ದಿ ಬಂತು: ಡಾಕ್ಟರು ಬಂದು ನೋಡಿ, ರಕ್ತಪರೀಕ್ಷೆ ಮಾಡಿಸಿ, ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿದ್ದರು.

ಅಫೀಮಿನ ಚರಿತ್ರೆಯೂ ಇದೇ ದಾರಿಯಲ್ಲಿ ನಡೆದುದು. ನೋವಿಗೆ ಅಫೀಮನ್ನು ಕೊಡುವುದು ಬಹು ಪುರಾತನ ಪದ್ಧತಿ. ಜರ್ಮನಿಯ ಪಾಡರ್‌ಬೋರ್ನಿನಲ್ಲಿ ಔಷಧದಂಗಡಿಯ ಸಹಾಯಕನಾಗಿದ್ದ ಸೆರ್ಟ್ಯೂರ್ನರ್ ಎಂಬ ತರುಣನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಫೀಮಿನಿಂದ ಅದರ ಸತ್ತ್ವವನ್ನು ತೆಗೆದನು. 1817ರಲ್ಲಿ ಆತನು ಪ್ರಕಟಿಸಿದ ಲೇಖನದಲ್ಲಿ ಒಂದು ವಿಚಿತ್ರ ಪ್ರಯೋಗದ ವರ್ಣನೆಯಿದೆ. ತಾನೂ ಮೂವರು ಹುಡುಗರೂ ಸೇರಿ ತಲೆಗೆ ಅರ್ಧ ಗ್ರೇನಿನಂತೆ ಸೇವಿಸಿದರು. ಅರ್ಧ ಗಂಟೆಯಾದ ಮೇಲೆ ಇನ್ನರ್ಧ. ಕಾಲು ಗಂಟೆಯಾದ ಮೇಲೆ ಮತ್ತರ್ಧ. ಇದು ಇಂದು ಕೊಡುವ ಸಾಮಾನ್ಯ ಪ್ರಮಾಣದ ಹಲವು ಪಟ್ಟು. ಹುಡುಗರು ಮಂಕಾಗಿ ಬಿದ್ದುದನ್ನು ಕಂಡು, ತನಗೂ ಕಣ್ಣು ಕವಿಯುತ್ತಿರಲು, ಗಾಬರಿಯಿಂದ ಎಲ್ಲರಿಗೂ ವಿನಿಗರ್ ಕುಡಿಸಿ ವಾಂತಿ ಮಾಡಿಸಿ ಬದುಕಿಕೊಂಡನು. ಆತನು ಕನಸಿನ ದೇವತೆಯ ಹೆಸರಿನಿಂದ ಕರೆದ ಆ ಸತ್ತ್ವವೇ ಮಾರ್ಫಿಯಾ ಅಥವಾ ಮಾರ್ಫಿನ್.

1850ರ ದಶಕದಲ್ಲಿ ಸೂಜಿಯಿಂದ ಚರ್ಮದಡಿಗೆ ಮದ್ದು ಹೊಗಿಸುವ ಉಪಾಯ ಬಳಕೆಗೆ ಬಂದಿತು. ಅಂದಿನಿಂದ ವಾಂತಿ ಮಾಡಿಸಿ ಪಾರಾಗುವ ಬಾಗಿಲೂ ಮುಚ್ಚಿಹೋಯಿತು. ಈಗ ಮಾರ್ಫಿನ್ ಕೊಡುವ ದಾದಿ ಮೊದಲು ಉಸಿರನ್ನು ಎಣಿಸುತ್ತಾಳೆ. ಕೊಟ್ಟ ಮೇಲೂ ಎಣಿಸುತ್ತಾಳೆ. ಉಸಿರು ನಿಮಿಷಕ್ಕೆ ಹತ್ತು ಹನ್ನೆರಡಕ್ಕಿಂತ ಕೆಳಗೆ ಜಾರಿ, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾದರೆ, ಕೂಗಿ ಕರೆಯಬೇಕಾದ ಹೊತ್ತು. ಇದಕ್ಕೆ ಪ್ರತ್ಯೌಷಧವಾದ ನಲಾಕ್ಸೋನ್ 1960ರ ದಶಕದ ಶೋಧನೆ. ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ಘಾಜಿಪುರದಲ್ಲಿ ಸರಕಾರಿ ಅಫೀಮು ಕಾರ್ಖಾನೆಯನ್ನು 1820ರಿಂದ ಇಟ್ಟುಕೊಂಡಿರುವ ದೇಶ ನಮ್ಮದು. ಆದರೂ 1985ರ ಮಾದಕವಸ್ತು ಕಾಯಿದೆ ಬಂದ ಮೇಲೆ ಅರ್ಬುದ ರೋಗಿಗಳಿಗೆ ಮಾರ್ಫಿನ್ ದೊರೆಯುವುದು ದುರ್ಲಭವಾಯಿತು; ರಹದಾರಿಗಳ ಕಾಟಕ್ಕೆ ಹೆದರಿ ಅನೇಕ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟುವು. 2014ರಲ್ಲಿ ಕಾಯಿದೆಯನ್ನು ತಿದ್ದಿ ಸಡಿಲಿಸಿದರು. ಅತಿಯ ಭಯದಿಂದ ಏನನ್ನೂ ಕೊಡದಿರುವುದು ಕೂಡ ಅಳತೆಯ ತಪ್ಪೇ ಎಂಬುದನ್ನು ಒಪ್ಪಿಕೊಳ್ಳಲು ನಮಗೆ ಮೂವತ್ತು ವರ್ಷ ಬೇಕಾಯಿತು.

ಎಲ್ಲರ ಮನೆಯ ಗೂಡಿನಲ್ಲೂ ಇರುವ ಜ್ವರದ ಮಾತ್ರೆಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಿ ಮುಂದುವರಿಯುತ್ತೇನೆ. 1886ರಲ್ಲಿ ಸ್ಟ್ರಾಸ್‌ಬರ್ಗಿನ ಕಾನ್ ಮತ್ತು ಹೆಪ್ ಎಂಬ ಇಬ್ಬರು ಯುವ ವೈದ್ಯರು ಹೊಟ್ಟೆಯ ಹುಳುವಿಗೆಂದು ನ್ಯಾಫ್ತಲೀನನ್ನು ಕೊಡುತ್ತಿದ್ದರು. ಒಬ್ಬ ರೋಗಿಗೆ ಹುಳು ಹೋಗದೆ ಜ್ವರ ಇಳಿಯಿತು. ವಿಚಾರಿಸಲಾಗಿ, ಔಷಧದಂಗಡಿಯವನು ತಪ್ಪಿ ಅಸಿಟಾನಿಲೈಡ್ ಎಂಬ ಬೇರೆ ಪದಾರ್ಥವನ್ನೇ ಕೊಟ್ಟಿದ್ದನು! ಅದರಿಂದ ರಕ್ತ ಕೆಡುತ್ತಿದ್ದುದರಿಂದ ಹುಡುಕಾಟ ನಡೆದು, ಮೈಯೊಳಗೆ ಅದು ಪ್ಯಾರಾಸಿಟಮಾಲ್ ಆಗಿ ಮಾರ್ಪಟ್ಟು ಕೆಲಸಮಾಡುತ್ತದೆಂದು 1948ರಲ್ಲಿ ಬ್ರೋಡಿ, ಆಕ್ಸೆಲ್‌ರಾಡ್ ಎಂಬವರು ತೋರಿಸಿಕೊಟ್ಟರು. ತಪ್ಪು ಸೀಸೆಯಿಂದ ಲೋಕಕ್ಕೆ ಒಳ್ಳೆಯದಾದ ಅಪೂರ್ವ ನಿದರ್ಶನವಿದು. ಈ ಸಾಧು ಮಾತ್ರೆಯೂ ದೊಡ್ಡವರಿಗೆ ದಿನಕ್ಕೆ ನಾಲ್ಕು ಗ್ರಾಂ ಮೀರಿದರೆ ಯಕೃತ್ತನ್ನು ಕೆಡಿಸಬಲ್ಲುದು. ನೆಗಡಿಯ ಪುಡಿ, ಮೈಕೈನೋವಿನ ಮಾತ್ರೆ, ಜ್ವರದ ಮಾತ್ರೆ, ಮೂರರಲ್ಲೂ ಇದೇ ಇದೆಯೆಂಬುದನ್ನು ಮನೆಯವರು ಅರಿಯದೆ ಮೂರನ್ನೂ ಕೊಡುವುದು ಸಾಮಾನ್ಯ.

ಇನ್ನು ಇನ್ಸುಲಿನ್. 1922ನೆಯ ಇಸವಿ ಜನವರಿ 11ರಂದು ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ, ಪ್ರಾಣಿಯ ಮೇದೋಜೀರಕಾಂಗದಿಂದ ಬ್ಯಾಂಟಿಂಗ್ ಮತ್ತು ಬೆಸ್ಟ್ ತೆಗೆದಿದ್ದ ಕಂದುಬಣ್ಣದ ರಸವನ್ನು ಚುಚ್ಚಿದರು. ಮಧುಮೇಹದಿಂದ ಆತನು ಎಲುಬಿನ ಗೂಡಾಗಿದ್ದನು. ಹೆಚ್ಚೇನೂ ಗುಣ ಕಾಣಲಿಲ್ಲ. ಚುಚ್ಚಿದ ಕಡೆ ಕೀವುಗಟ್ಟಿತು. ಹನ್ನೆರಡು ದಿನಗಳಾದ ಮೇಲೆ ಕಾಲಿಪ್ ಎಂಬ ರಸಾಯನಜ್ಞನು ಶೋಧಿಸಿದ ರಸವನ್ನು ಕೊಟ್ಟಾಗ ಸಕ್ಕರೆ ಇಳಿಯಿತು, ಹುಡುಗನ ಮುಖಕ್ಕೆ ಕಳೆ ಬಂತು. ಇದು ಎಲ್ಲರೂ ಓದಿರುವ ಭಾಗ. ಇದರ ಮುಂದಿನ ಕಷ್ಟವನ್ನು ಅಷ್ಟಾಗಿ ಹೇಳುವುದಿಲ್ಲ. ಒಂದು ಸಲ ತಯಾರಿಸಿದ ರಸದಂತೆ ಇನ್ನೊಂದು ಸಲದ್ದು ಇರುತ್ತಿರಲಿಲ್ಲ. ಕಡಮೆಯಾದರೆ ರೋಗ ಹಾಗೆಯೇ ಉಳಿಯಿತು; ಹೆಚ್ಚಾದರೆ ಸಕ್ಕರೆ ಕುಸಿದು ಬೆವರು, ನಡುಕ, ಸೆಳವು, ಪ್ರಜ್ಞಾಹೀನತೆ. ತೂಗೋಣವೆಂದರೆ ಶುದ್ಧವಾದ ಹರಳೂ ಆಗ ಇರಲಿಲ್ಲ. ಆದುದರಿಂದ ಮೊಲವನ್ನೇ ತಕ್ಕಡಿ ಮಾಡಿಕೊಂಡರು. ಉಪವಾಸವಿಟ್ಟ ಎರಡು ಕಿಲೊ ತೂಕದ ಮೊಲದ ರಕ್ತದಲ್ಲಿ ಸಕ್ಕರೆಯನ್ನು ಸೆಳವು ಬರುವ ಮಟ್ಟಕ್ಕೆ ಇಳಿಸುವಷ್ಟು ರಸಕ್ಕೆ ಮೊದಲಿಗೆ ಒಂದು 'ಯೂನಿಟ್' ಎಂದು ಹೆಸರಾಯಿತು. ಆಮೇಲೆ ರಾಷ್ಟ್ರಗಳ ಸಂಘದ ಆಶ್ರಯದಲ್ಲಿ ತಜ್ಞರು ಕಲೆತು, ಒಣಪುಡಿಯ ಮಾದರಿಯೊಂದನ್ನು ಸಿದ್ಧಪಡಿಸಿ, ಅದರ ಒಂದು ಮಿಲಿಗ್ರಾಮಿಗೆ 8 ಯೂನಿಟ್ ಎಂದು 1925ರಲ್ಲಿ ಗೊತ್ತುಮಾಡಿದರು.

ಜಗತ್ತಿಗೆಲ್ಲ ಒಂದೇ ಅಳತೆ ಬಂದಿತೆಂದು ನಿಟ್ಟುಸಿರುಬಿಡುವಂತಿಲ್ಲ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಶಕ್ತಿಗಳಲ್ಲಿ ದೊರೆಯುತ್ತದೆ: ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದೊಂದು, 100 ಇರುವುದೊಂದು. ಪಿಚಕಾರಿಗಳೂ ಎರಡು ಬಗೆ. ನಲವತ್ತರದಕ್ಕೆ ಕೆಂಪು ಮುಚ್ಚಳ, ನೂರರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ನೂರರ ಸೀಸೆಯಿಂದ ನಲವತ್ತರ ಪಿಚಕಾರಿಗೆ ಹತ್ತರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು ಹತ್ತಲ್ಲ, ಇಪ್ಪತ್ತೈದು. ತಿರುಗುಮುರುಗಾದರೆ ಹತ್ತಕ್ಕೆ ಬದಲು ನಾಲ್ಕು. ಬರಹದಲ್ಲಿಯೂ ಒಂದು ಹೊಂಚಿದೆ. ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ಮೊದಲಕ್ಷರವನ್ನು ಮಾತ್ರ ಅವಸರದಲ್ಲಿ ಗೀಚಿದರೆ ಅದು ಸೊನ್ನೆಯಂತೆ ಕಂಡು ಹತ್ತು ನೂರಾಗುತ್ತದೆ. ಹೀಗೆ ಪ್ರಾಣ ಹೋದುದುಂಟು. ಆದುದರಿಂದ ಆ ಪದವನ್ನು ಪೂರ್ತಿಯಾಗಿ ಬರೆಯತಕ್ಕದ್ದೆಂದೂ, ಎಳೆದ ಮದ್ದನ್ನು ಇನ್ನೊಬ್ಬ ದಾದಿಗೆ ತೋರಿಸಿಯೇ ಚುಚ್ಚತಕ್ಕದ್ದೆಂದೂ ಒಳ್ಳೆಯ ಆಸ್ಪತ್ರೆಗಳಲ್ಲಿ ಕಟ್ಟಳೆಯಿದೆ.

ಮೇಲೆ ಪೊಟಾಸಿಯಮ್ಮಿನ ಮಾತು ಬಂದಿತಷ್ಟೆ. ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯನು 1882ರ ಸುಮಾರಿನಲ್ಲಿ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಬಡಿಯುವಂತೆ ಮಾಡುತ್ತಿದ್ದನು. ಸಹಾಯಕನು ಬಟ್ಟಿಯಿಳಿಸಿದ ನೀರಿಗೆ ಬದಲು ನಲ್ಲಿಯ ನೀರನ್ನು ಬಳಸಿದ್ದನೆಂಬುದು ಆಮೇಲೆ ತಿಳಿಯಿತು. ಶುದ್ಧ ನೀರಿನಲ್ಲಿ ಮಾಡಿದಾಗ ಹೃದಯವು ನಿಂತೇಹೋಯಿತು. ನಲ್ಲಿಯ ನೀರಿನಲ್ಲಿದ್ದ ಸುಣ್ಣದ ಅಂಶವೇ ಅದನ್ನು ನಡೆಸುತ್ತಿದ್ದುದು. ಇದರ ಜಾಡು ಹಿಡಿದು, ಪೊಟಾಸಿಯಮ್ಮೂ ತಕ್ಕಷ್ಟು ಬೇಕೆಂದೂ, ಹೆಚ್ಚಾದರೆ ಅದೇ ಹೃದಯವನ್ನು ನಿಲ್ಲಿಸುವುದೆಂದೂ ಆತನು ಕಂಡನು. ಆಸ್ಪತ್ರೆಯಲ್ಲಿ ತೂಗುಹಾಕುವ ರಿಂಗರ್ ದ್ರಾವಣಕ್ಕೆ ಹೆಸರು ಕೊಟ್ಟವನು ಈತನೇ. ಹತ್ತು ಮಿಲಿಲೀಟರಿನ ಪೊಟಾಸಿಯಂ ಕ್ಲೋರೈಡಿನ ಪುಟ್ಟ ಕೊಳವೆಯನ್ನು ದೊಡ್ಡ ಸೀಸೆಯ ದ್ರಾವಣದಲ್ಲಿ ಕಲಸಿ ಗಂಟೆಗಟ್ಟಲೆ ಇಳಿಸಿದರೆ ಔಷಧ. ಕಲಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಕ್ಷಣಮಾತ್ರದಲ್ಲಿ ಕೊಲೆ. ದುಃಖದ ಸಂಗತಿಯೆಂದರೆ, ಪಕ್ಕದಲ್ಲೇ ಇರುವ ಬರಿಯ ನೀರಿನ ಕೊಳವೆಗೂ ಅದಕ್ಕೂ ರೂಪದಲ್ಲಿ ಅಷ್ಟಾಗಿ ಭೇದವಿಲ್ಲ. ಅನೇಕ ದೇಶಗಳಲ್ಲಿ ಇಂತಹ ಅಪಘಾತಗಳಾದ ಮೇಲೆ ಅದನ್ನು ವಾರ್ಡಿನ ಕಪಾಟಿನಿಂದಲೇ ತೆಗೆದು ಬೇರೆ ಬೀಗದಲ್ಲಿಡುವ ಏರ್ಪಾಡು ಬಂದಿದೆ.

ಕಡೆಯದಾಗಿ, ಔಷಧವೆಂದು ಕರೆಯಲು ಜನ ಹಿಂದೆಗೆಯುವಷ್ಟು ಸಾಮಾನ್ಯವಾದ ಒಂದನ್ನು ಹೇಳುತ್ತೇನೆ. 1971ರಲ್ಲಿ ಪೂರ್ವ ಬಂಗಾಳದ ಯುದ್ಧದಿಂದ ಲಕ್ಷೋಪಲಕ್ಷ ಜನ ಗಡಿ ದಾಟಿ ಬಂದರು. ಗಡಿಯ ಸಮೀಪದ ಬನಗಾಂವಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ಹಾಸಿಗೆಯಿಲ್ಲದೆ ನೆಲದ ಮೇಲೆ ಒತ್ತಾಗಿ ಮಲಗಿದ್ದರು. ವೈದ್ಯರು ಮಲವಾಂತಿಗಳ ನಡುವೆ ಮಂಡಿಯೂರಿ ಸೂಜಿ ಚುಚ್ಚಬೇಕಾಗಿತ್ತು. ರಕ್ತನಾಳಕ್ಕೆ ಹನಿಸುವ ಉಪ್ಪುನೀರು ತೀರುತ್ತ ಬಂದಿತ್ತು. ಅದನ್ನು ಹನಿಸಬಲ್ಲ ದಾದಿಯರೂ ಸಾಲದು. ಆಗ ಡಾಕ್ಟರ್ ದಿಲೀಪ್ ಮಹಲನಬೀಸರು ಸಕ್ಕರೆಯುಪ್ಪಿನ ನೀರನ್ನು ಬಾಯಲ್ಲೇ ಕುಡಿಸಲು ನಿರ್ಧರಿಸಿದರು. ಲೀಟರಿಗೆ ಗ್ಲೂಕೋಸು 22 ಗ್ರಾಂ, ಉಪ್ಪು 3.5 ಗ್ರಾಂ, ಅಡಿಗೆ ಸೋಡಾ 2.5 ಗ್ರಾಂ. ಇವನ್ನು ಕಲ್ಕತ್ತೆಯಲ್ಲಿ ತೂಗಿ ಪೊಟ್ಟಣ ಕಟ್ಟಿಸಿ ತರಿಸಿ, ನಲ್ಲಿಯಿರುವ ಪೀಪಾಯಿಗಳಲ್ಲಿ ಕಲಸಿಟ್ಟರು. ತಾಯಿ, ತಂಗಿ, ಮಗ, ಯಾರಿದ್ದರೆ ಅವರು ಲೋಟ ಹಿಡಿದು ಬಂದು ತುಂಬಿಸಿಕೊಂಡು ಹೋಗಿ ತಮ್ಮವರಿಗೆ ಕುಡಿಸಿದರು. ಮುಂಚೆ ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು, ಹೀಗೆ ಉಪಚರಿಸಿದ ಮೂರು ಸಾವಿರಕ್ಕೂ ಮಿಕ್ಕ ಜನರಲ್ಲಿ ನೂರಕ್ಕೆ 3.6ಕ್ಕೆ ಇಳಿಯಿತು. ಮಹಲನಬೀಸರು 2022ರಲ್ಲಿ ತೀರಿಕೊಂಡರು.

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಪುಡಿಯ ಪಾಕವನ್ನು ತಿದ್ದಿತು: ಗ್ಲೂಕೋಸು 13.5 ಗ್ರಾಂ, ಉಪ್ಪು 2.6, ಸೋಡಿಯಂ ಸಿಟ್ರೇಟು 2.9, ಪೊಟಾಸಿಯಂ ಕ್ಲೋರೈಡು 1.5. ಹೌದು, ಮೇಲೆ ಹೇಳಿದ ಆ ಭಯಂಕರ ಲವಣವೇ. ಬಾಯಿಂದ, ಒಂದು ಲೀಟರು ನೀರಿನಲ್ಲಿ, ಅದು ಭೇದಿಯಿಂದ ಸೋತ ಮಗುವನ್ನು ಎಬ್ಬಿಸಿ ಕೂರಿಸುತ್ತದೆ. ನಮ್ಮ ಹುಡುಗಿಯನ್ನು ಈಗ ಮಕ್ಕಳ ವಾರ್ಡಿಗೆ ಹಾಕಿದ್ದಾರೆ. ಲೀಟರಿನ ಪೊಟ್ಟಣವನ್ನು ತಾಯಂದಿರು ಸ್ವಲ್ಪಸ್ವಲ್ಪವಾಗಿ ಲೋಟಕ್ಕೆ ಉದುರಿಸಿ ಕುಡಿಸುವುದುಂಟಂತೆ. ಪುಡಿ ಹೆಚ್ಚಾದರೆ ರಕ್ತದಲ್ಲಿ ಉಪ್ಪು ಏರಿ ಮಗುವಿಗೆ ಕೇಡು, ಕಡಮೆಯಾದರೆ ಫಲವಿಲ್ಲ. ಅದಕ್ಕಾಗಿ ಆಕೆ ಮೇಜಿನ ಮೇಲೆ ಒಂದು ಲೀಟರಿನ ಖಾಲಿ ಸೀಸೆಯನ್ನು ಇಟ್ಟುಕೊಂಡಿದ್ದಾಳೆ. ಮನೆಗೆ ಹೊರಟ ಪ್ರತಿಯೊಬ್ಬ ತಾಯಿಯ ಕೈಗೂ ಅದನ್ನು ಕೊಟ್ಟು, ನೀರು ಎಲ್ಲಿಯವರೆಗೆ ಬರಬೇಕೆಂಬುದನ್ನು ಬೆರಳಿಟ್ಟು ತೋರಿಸಿ, ಒಂದು ಸಲ ತನ್ನೆದುರಿಗೆ ಕಲಸಿಸಿಯೇ ಕಳುಹಿಸುತ್ತಾಳೆ.